ದರಕಿನೊಳಗಿನ ರೆಕ್ಕೆ, ಅಡಿಕೆ ಮರದ ಓತಿ

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಕೋಲೆಯಿಂದ ಒಳಕ್ಕೆ, ಗಂಗಾವಳಿ ನದಿಯ ದಿಕ್ಕಿಗೆ ನಡೆದು ಬನ್ನಿ. ಗಜನಿ ಗದ್ದೆಯ ಗಾಳಿಯಲ್ಲಿ ಉಪ್ಪಿನ ಜೊತೆ ಒಣಮೀನಿನ ವಾಸನೆ, ನಾಲ್ಕು ಹೆಜ್ಜೆ ಮುಂದಿಟ್ಟರೆ ಮಾವಿನ ಹೂವಿನದು. ಗೇರುಗುಡ್ಡದ ಬುಡದಲ್ಲಿ ಹೆಂಗಸರು ಬಗ್ಗಿ ದರಕು ಗುಡಿಸುತ್ತಿರುತ್ತಾರೆ. ಒಣ ಎಲೆಗಳ ಸರಸರ ಸದ್ದು, ನಡುವೆ ಬಳೆಯ ಸದ್ದು, ತುಂಬಿದ ಬುಟ್ಟಿಯನ್ನು ಕಾಲಲ್ಲಿ ಒತ್ತಿ ಮತ್ತಷ್ಟು ತುಂಬುವ ಹಟ. ಕೊಟ್ಟಿಗೆಗೆ ಹಾಸಲು ಒಂದೆಲೆಯೂ ದಂಡವಾಗಬಾರದು. ಹಾಗೆ ಗುಡಿಸುವಾಗ ರಾಶಿಯಿಂದ ಒಂದೆಲೆ ಮೇಲೆದ್ದು, ತೂರಾಡಿ, ಎರಡು ಮಾರು ಆಚೆ ಹೋಗಿ ಮತ್ತೆ ಎಲೆಯಾಗಿ ಕೂರುತ್ತದೆ. ಗಾಳಿ ಮಾತ್ರ ಬೀಸಿರುವುದಿಲ್ಲ.

ಹತ್ತಿರ ಹೋಗಿ ನೋಡಿ. ಎಲೆಯ ತೊಟ್ಟು, ನಡುನರ, ಹುಳ ತಿಂದ ಕಲೆ ಎಲ್ಲವೂ ಇದೆ. ಇದು ಈವನಿಂಗ್ ಬ್ರೌನ್ ಎಂಬ ಪಾತರಗಿತ್ತಿ, ಶಾಸ್ತ್ರದ ಹೆಸರು ಮೆಲಾನಿಟಿಸ್ ಲೀಡಾ. ಮುಸ್ಸಂಜೆಯಲ್ಲಿ ಮನೆಯ ದೀಪಕ್ಕೆ ಬಂದು ಗೋಡೆಗೆ ಕೂರುವುದೂ ಇದೇ. ಆದರೆ ಶ್ರಾವಣದಲ್ಲಿ, ಗದ್ದೆಯ ಅಂಚು ಹಸಿರಾಗಿರುವಾಗ ಬಂದರೆ ಇದೇ ಜಾತಿ ಬೇರೆ ವೇಷದಲ್ಲಿ ಸಿಗುತ್ತದೆ: ರೆಕ್ಕೆಯಡಿಯ ಅಂಚಿನುದ್ದಕ್ಕೂ ಹಳದಿ ಉಂಗುರದ ಕಣ್ಣುಗಳ ಸಾಲು. ಹಕ್ಕಿಯೋ ಓತಿಯೋ ಆ ಸುಳ್ಳು ಕಣ್ಣಿಗೆ ಕುಕ್ಕಿದರೆ ರೆಕ್ಕೆಯ ತುದಿ ಹರಿದೀತು, ಜೀವ ಉಳಿದೀತು. ಬೇಸಿಗೆಯ ಒಣನೆಲದಲ್ಲಿ ಅದೇ ಕಣ್ಣು ಗುಟ್ಟು ಬಿಟ್ಟುಕೊಡುತ್ತದೆ, ಆಗ ಅದು ಬೇಡ. ಮಳೆಗಾಲಕ್ಕೆ ಕಂಬಳಿಕೊಪ್ಪೆ ಹೊದ್ದು, ಬೇಸಿಗೆಗೆ ಅದನ್ನು ಗೂಟಕ್ಕೆ ನೇತುಹಾಕುವ ಹಾಗೆ.

ಯಾವ ವೇಷ ಎಂಬುದು ಹುಳವಾಗಿದ್ದಾಗಲೇ ತೀರ್ಮಾನ. ಭತ್ತದ ಗರಿ, ಹುಲ್ಲು ಮೇಯುತ್ತಿರುವ ಹಸಿರು ಹುಳಕ್ಕೆ ತಗಲುವ ಸೆಕೆ, ತಂಪು ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತವೆ ಎಂದು ವಿಜ್ಞಾನಿ ಪಾಲ್ ಬ್ರೇಕ್‌ಫೀಲ್ಡ್ ಮುಂತಾದವರು ಈ ಚಿಟ್ಟೆಯಲ್ಲೂ ಇದರ ಆಫ್ರಿಕಾದ ನೆಂಟನಲ್ಲೂ ಸಾಕಿ ನೋಡಿ ತೋರಿಸಿದ್ದಾರೆ. ಅಂದರೆ ಇದು ವಿಕಾಸ ಅಲ್ಲ. ಒಂದೇ ತಾಯಿಯ ಮೊಟ್ಟೆಗಳು ಹವೆ ನೋಡಿ ಎರಡರಲ್ಲಿ ಒಂದಾಗಬಲ್ಲವು. ವಿಕಾಸದ ಕೆಲಸವೇನಿದ್ದರೂ ಹಾಗೆ ಬದಲಾಗುವ ಶಕ್ತಿಯನ್ನು ಇದರ ಮೈಯೊಳಗೆ ಇಟ್ಟದ್ದು. ಕಾರವಾರದಲ್ಲಿ ವರ್ಷಕ್ಕೆ ಬೀಳುವ ಸುಮಾರು 3000 ಮಿಲಿಮೀಟರ್ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ಕಟ್ಟುನಿಟ್ಟನ್ನು ನಂಬಿಯೇ ಈ ವೇಷದ ಲೆಕ್ಕಾಚಾರ. ಸೆಕೆಗೂ ಮಳೆಗೂ ಇದ್ದ ನಂಟು ಸಡಿಲವಾದರೆ ಹಸಿರು ನೆಲದ ಮೇಲೆ ಒಣ ಎಲೆ ಕೂತೀತು, ಹಕ್ಕಿಗೆ ಅದಕ್ಕಿಂತ ಸುಲಭದ ಊಟ ಇಲ್ಲ.

ಇನ್ನೊಂದು ವೇಷ ನೋಡಲು ಗುಡ್ಡಕ್ಕೆ ಹೋಗಬೇಕಿಲ್ಲ. ಕಾರವಾರದ ಯಾವ ಹಿತ್ತಿಲಾದರೂ ಸರಿ, ಒಂದು ಕರಿಬೇವಿನ ಗಿಡ ಇದ್ದರೆ ಸಾಕು. ಸಾರಿಗೆ ಒಗ್ಗರಣೆ ಹಾಕಲು ಎಲೆ ಕೀಳುವಾಗ ಕೈಗೆ ಮೆತ್ತಗೆ ತಗಲುವ ಹುಳ ಕಾಮನ್ ಮಾರ್ಮನ್ ಚಿಟ್ಟೆಯದಿರಬಹುದು. ಗಂಡು ಕಪ್ಪು, ಹಿಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟಿ. ಹೆಣ್ಣುಗಳಲ್ಲಿ ಕೆಲವು ಗಂಡಿನಂತೆ, ಕೆಲವು ಕಾಮನ್ ರೋಸ್ ಚಿಟ್ಟೆಯಂತೆ, ಮತ್ತೆ ಕೆಲವು ಕ್ರಿಮ್ಸನ್ ರೋಸ್‌ನಂತೆ. ಈ ರೋಸ್‌ಗಳ ಹುಳ ಈಶ್ವರಬಳ್ಳಿ ತಿಂದು ಅದರ ವಿಷವನ್ನು ಮೈಯಲ್ಲಿಟ್ಟುಕೊಳ್ಳುತ್ತದೆ, ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಆ ಗೋಜಿಗೆ ಹೋಗುವುದಿಲ್ಲ. ಮಾರ್ಮನ್ ಹೆಣ್ಣಿಗೆ ವಿಷವಿಲ್ಲ, ವೇಷ ಮಾತ್ರ. ಬೇಲಿಯ ಹೂವಿಗೆ ಬಂದಾಗ ಹೊಟ್ಟೆ ನೋಡಿ: ಕೆಂಪಾಗಿದ್ದರೆ ಅಸಲಿ, ಕಪ್ಪಾಗಿದ್ದರೆ ನಕಲಿ. ಹಕ್ಕಿಗೆ ಅಷ್ಟು ಪುರಸೊತ್ತು ಎಲ್ಲಿ!

1865ರಲ್ಲಿ ಆಲ್ಫ್ರೆಡ್ ವಾಲೇಸ್ ಬರೆದು ಬೆರಗುಪಟ್ಟ ಸಂಗತಿ ಇದು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಕೃಷ್ಣಮೇಘ್ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ಇದರ ಬೇರು ಹಿಡಿದರು. ಗಂಡು ಹೆಣ್ಣಿನ ಭೇದ ನಡೆಸುವ ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಈ ಇಡೀ ವೇಷವನ್ನೂ ಆಳುತ್ತದೆ. ಇಲ್ಲಿ ಹವೆ ನೋಡಿ ಬದಲಾಗುವ ಮಾತಿಲ್ಲ, ಹುಟ್ಟಿದಾಗ ಸಿಕ್ಕ ಮುಖವೇ ಸಾಯುವವರೆಗೆ. ಬೇಲಿ ಕಿತ್ತು ಕಾಂಪೌಂಡ್ ಕಟ್ಟಿದ ಕಡೆ ಈಶ್ವರಬಳ್ಳಿಗೆ ಜಾಗವಿಲ್ಲ. ಅಸಲಿ ಕಡಿಮೆಯಾದ ಊರಿನ ಹಕ್ಕಿಮರಿಗೆ ಕೆಂಪು ಚುಕ್ಕೆಯ ಭಯ ಕಲಿಸುವವರು ಯಾರು?

ಬಿಸಿಲೇರಿತು, ತೋಟದೊಳಗೆ ಬನ್ನಿ. ಅಡಿಕೆಯ ಬೂದು ಕಾಂಡದಲ್ಲಿ ಬಿಳಿ, ಹಸಿರು ಕಲೆಗಳು. ಅವುಗಳಲ್ಲಿ ಒಂದು ಕಲೆಯ ಗಂಟಲಡಿಯಿಂದ ಹಳದಿ ಚರ್ಮವೊಂದು ಹೊರಬಂದು ಒಳಗೆ ಹೋಗುತ್ತದೆ. ಹಾರುವ ಓತಿ. ಇರುವೆ ಸಾಲನ್ನು ನೆಕ್ಕುತ್ತ ಮೇಲೇರಿ, ತುದಿಯಿಂದ ಧುಮುಕಿ, ಉದ್ದ ಪಕ್ಕೆಲುಬುಗಳ ಮೇಲೆ ಪೊರೆ ಬಿಚ್ಚಿ, ಮುಂದಿನ ಮರದ ನಡುವಿಗೆ ಬಂದು ಅಂಟುತ್ತದೆ. ಹಾರುವುದಲ್ಲ, ಜಾರುವುದು. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಪರಿಚಯ ಹೇಳಬೇಕಿಲ್ಲ. ಡ್ರಾಕೊ ಡುಸುಮಿಯೇರಿ ಎಂದು 1837ರಲ್ಲೇ ಹೆಸರಿಟ್ಟ ಈ ಕಾಡಿನ ಜೀವ ಮನುಷ್ಯ ನೆಟ್ಟ ತೋಟಕ್ಕೆ ಹೊಂದಿಕೊಂಡಿದೆ. ನೆಲಕ್ಕಿಳಿಯುವುದು ಹೆಚ್ಚಾಗಿ ಹೆಣ್ಣು, ಅದೂ ಮಣ್ಣಿನಲ್ಲಿ ಮೊಟ್ಟೆ ಇಡಲು.

ಬೋರ್ನಿಯೋದಲ್ಲಿ ಇದರ ದಾಯಾದಿಯೊಂದಿದೆ, ಡ್ರಾಕೊ ಕಾರ್ನುಟಸ್. ಅಲ್ಲಿ ಕರಾವಳಿಯ ಕಾಂಡ್ಲಾ ಕಾಡಿನವುಗಳ ಪೊರೆ ಕೆಂಪು, ಒಳನಾಡಿನ ಮಳೆಕಾಡಿನವುಗಳದ್ದು ಕಂದು, ಹಸಿರು. ಆಯಾ ಕಾಡಿನಲ್ಲಿ ಉದುರುವ ಎಲೆಯ ಬಣ್ಣವೇ ಪೊರೆಯ ಬಣ್ಣ ಎಂದು ಡೇನಿಯೆಲ್ ಕ್ಲಾಂಪ್ ಮತ್ತು ಜೊತೆಯವರು 2014ರಲ್ಲಿ ತೋರಿಸಿದರು. ಕಾಳಿ ನದಿಯ ದಡದಲ್ಲಿ ಕಾಂಡ್ಲಾ ನೋಡಿದಾಗಲೆಲ್ಲ ನನಗೆ ಆ ಕೆಂಪು ಪೊರೆ ನೆನಪಾಗುತ್ತದೆ.

ತೋಟ ದಾಟಿದರೆ ಹೆದ್ದಾರಿ. ಚತುಷ್ಪಥಕ್ಕೆಂದು ಕಡಿದ ಗುಡ್ಡಗಳ ಕೆಂಪು ಗೋಡೆ ಇನ್ನೂ ಹಸಿಯಾಗಿದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಮನುಷ್ಯರೇ ಮಣ್ಣಾದರು, ಅಲ್ಲಿ ನಿಂತು ಓತಿಯ ಮಾತೆತ್ತಲು ನಾಲಿಗೆ ಬಾರದು. ಆದರೂ ಮರದಿಂದ ಮರಕ್ಕೆ ಜಾರುವ ಜೀವಕ್ಕೆ ಇಷ್ಟಗಲದ ಡಾಂಬರು ಏನೆಂದು ಕೇಳದೆ ಇರಲಾಗುವುದಿಲ್ಲ. ಬದಲಾದ ನೆಲದಲ್ಲಿ ಬದುಕುವುದನ್ನು ಓತಿ ಕಲಿಯಬಲ್ಲದೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಅನುರಾಧಾ ಬತಬ್ಯಾಲ್ ಬಂಡೆ ಓತಿಗಳ ಮೇಲೆ ಪರೀಕ್ಷೆ ಮಾಡಿದಾಗ, ಅಪಾಯ ಬಂದರೆ ಯಾವ ಗೂಡು ಸುರಕ್ಷಿತ ಎಂಬುದನ್ನು ಹಳ್ಳಿಯವುಗಳಿಗಿಂತ ನಗರದಂಚಿನವು ಬೇಗ ಕಲಿತವು. ಕಲಿಕೆ ಒಂದು ಓತಿಯ ಆಯುಷ್ಯದೊಳಗಿನ ಮಾತು. ಮೈಯೇ ಬದಲಾಗಬೇಕಾದರೆ ಕೆಲವು ಸಾಯಬೇಕು, ಕೆಲವು ಉಳಿದು ಮರಿ ಮಾಡಬೇಕು.

ಅದನ್ನು ಕಣ್ಣಾರೆ ಕಂಡದ್ದು ಕೆರಿಬಿಯನ್ ಕಡೆಯ ಪುಟ್ಟ ದ್ವೀಪಗಳಲ್ಲಿ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ, ಅದರ ಬೆನ್ನಿಗೇ ಮರಿಯಾ ಚಂಡಮಾರುತ. ಸಂಶೋಧಕ ಕಾಲಿನ್ ಡೊನಿಹ್ಯೂ ತಂಡ ಮರಳಿ ಹೋಗಿ ಹಿಡಿದ ಆನೋಲ್ ಓತಿಗಳಿಗೆ ಬೆರಳಿನ ಅಂಟುಮೆತ್ತೆ ಮೊದಲಿನವುಗಳಿಗಿಂತ ದೊಡ್ಡದು, ಮುಂಗಾಲು ಉದ್ದ. ಹಿಡಿತವಿಲ್ಲದವು ಗಾಳಿಪಾಲಾಗಿದ್ದವು. ಎಲೆ ಹಾರಿಸುವ ಯಂತ್ರದ ಗಾಳಿಗೆ ಒಡ್ಡಿ ಅವು ಕಡ್ಡಿಗೆ ಹೇಗೆ ಕಚ್ಚಿ ನಿಲ್ಲುತ್ತವೆ ಎಂಬುದನ್ನೂ ಅವರು ನೋಡಿದರು. ಇಷ್ಟೆಲ್ಲ ಸಾಧ್ಯವಾದದ್ದು ಒಂದೇ ಕಾರಣಕ್ಕೆ: ಬಿರುಗಾಳಿಗೆ ಕೆಲವೇ ದಿನ ಮುಂಚೆ ಬೇರಾವುದೋ ಕೆಲಸಕ್ಕೆ ಅದೇ ದ್ವೀಪಗಳ ಓತಿಗಳನ್ನು ಅಳೆದಿಟ್ಟಿದ್ದರು.