ಶ್ರವಣಸಾಧನ ಜೋಡಿಸುವವರ ನೋಂದಣಿ ಮತ್ತು ಅದರ ನವೀಕರಣ

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಗುಣವನ್ನು ಅದರ ಬಣ್ಣದಿಂದಲೂ ಸುಕ್ಕಿನಿಂದಲೂ ವರ್ತಕನು ಕಂಡೊಡನೆ ಅರಿಯುತ್ತಾನೆ. ಆದರೆ ಅದೇ ಪೇಟೆಗೆ ಬಂದ ರೈತನು ಕಿವಿ ಮಂದವಾದ ತಂದೆಗೆ ಶ್ರವಣಸಾಧನವನ್ನು ಕೊಳ್ಳಬೇಕಾದಾಗ ಅಂಥ ಪರೀಕ್ಷೆ ಅವನಿಗೆ ಸಾಧ್ಯವಾಗದು. ಉಪಕರಣವನ್ನು ಜೋಡಿಸುವವನ ಅರ್ಹತೆಯು ಕಣ್ಣಿಗೆ ಕಾಣುವ ವಸ್ತುವಲ್ಲ. ಈ ಕೊರತೆಯನ್ನು ನೀಗಲು ಶಾಸನವು ಕಲ್ಪಿಸಿದ ವ್ಯವಸ್ಥೆಯೇ ನೋಂದಣಿ. ಅದರ ಇತಿಹಾಸವನ್ನೂ ನವೀಕರಣದ ಉದ್ದೇಶವನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಈ ವೃತ್ತಿಯ ಶಿಕ್ಷಣಕ್ಕೆ ನಮ್ಮ ನಾಡಿನಲ್ಲಿ ಭದ್ರವಾದ ನೆಲೆಯೊದಗಿದುದು ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ. ಶಿಕ್ಷಣವು ಮೊದಲು ಬಂದಿತು. ಶಾಸನವು ಬಹುಕಾಲ ಕಳೆದು ಬಂದಿತು. ೧೯೯೨ರ ಭಾರತೀಯ ಪುನರ್ವಸತಿ ಪರಿಷತ್ ಅಧಿನಿಯಮವು ಶ್ರವಣತಜ್ಞರನ್ನೂ, ಶ್ರವಣಸಾಧನ ಹಾಗೂ ಕಿವಿಯಚ್ಚುಗಳ ತಂತ್ರಜ್ಞರನ್ನೂ ಪುನರ್ವಸತಿ ವೃತ್ತಿನಿರತರೆಂದು ಪರಿಗಣಿಸಿತು. ಮಾನ್ಯ ಶಿಕ್ಷಣವನ್ನು ಪಡೆದು, ಕೇಂದ್ರ ಪುನರ್ವಸತಿ ಪಟ್ಟಿಯಲ್ಲಿ ಹೆಸರನ್ನು ದಾಖಲಿಸಿದವರಿಗೆ ಮಾತ್ರ ವೃತ್ತಿ ನಡೆಸುವ ಹಕ್ಕುಂಟು. ನಿಯಮವನ್ನು ಮೀರಿದವರಿಗೆ ಒಂದು ವರ್ಷದವರೆಗಿನ ಕಾರಾವಾಸ, ಇಲ್ಲವೆ ೧,೦೦೦ ರೂಪಾಯಿಗಳವರೆಗಿನ ದಂಡ, ಅಥವಾ ಎರಡನ್ನೂ ಅಧಿನಿಯಮವು ವಿಧಿಸಿತು.

ನೋಂದಣಿಯು ಶಾಶ್ವತವಾದುದಲ್ಲ. ಅದರ ಅವಧಿ ೫ ವರ್ಷ. ಈ ಅವಧಿಯಲ್ಲಿ ಪರಿಷತ್ತು ಮನ್ನಿಸಿದ ಕಾರ್ಯಾಗಾರ, ವಿಚಾರಸಂಕಿರಣ ಮೊದಲಾದುವುಗಳಲ್ಲಿ ಭಾಗವಹಿಸಿ ನಿಗದಿಯಾದ ಅಂಕಗಳನ್ನು ಗಳಿಸಿದವರಿಗೆ ನವೀಕರಣವು ದೊರೆಯುತ್ತದೆ. ಇದು ಕೇವಲ ಶುಲ್ಕ ಸಲ್ಲಿಸುವ ವಿಧಿಯೆಂದು ಭಾವಿಸುವವರುಂಟು. ಉಪಕರಣದ ಇತಿಹಾಸವನ್ನು ನೋಡಿದರೆ ಇದರ ಔಚಿತ್ಯವು ಸ್ಪಷ್ಟವಾಗುವುದು. ನಿರ್ವಾತ ಕೊಳವೆಗಳ ಸಾಧನಗಳಿದ್ದಲ್ಲಿಗೆ ೧೯೫೨ರ ಕೊನೆಯಲ್ಲಿ ಟ್ರಾನ್ಸಿಸ್ಟರ್ ಪ್ರವೇಶಿಸಿತು. ೧೯೯೬ರಲ್ಲಿ ಪೂರ್ಣವಾಗಿ ಡಿಜಿಟಲ್ ಆದ ಸಾಧನಗಳು ಮಾರುಕಟ್ಟೆಗೆ ಬಂದುವು. ಹಿಂದೆ ಸಣ್ಣ ತಿರುಪನ್ನು ತಿರುಗಿಸಿ ಸರಿಪಡಿಸುತ್ತಿದ್ದುದನ್ನು ಇಂದು ಕಂಪ್ಯೂಟರಿನ ನೆರವಿನಿಂದ ಒಂದೊಂದು ಧ್ವನಿಶ್ರೇಣಿಗೂ ಪ್ರತ್ಯೇಕವಾಗಿ ಹೊಂದಿಸಬೇಕಾಗಿದೆ. ಧ್ವನಿಯು ಮಿತಿಮೀರಿದರೆ ಉಳಿದಿರುವ ಶ್ರವಣಶಕ್ತಿಗೂ ಹಾನಿ ತಟ್ಟಬಹುದು. ಸಾಲದೆ ಹೋದರೆ ಮಗುವಿನ ಭಾಷಾಕಲಿಕೆಯೇ ಕುಂಠಿತವಾಗುವುದು. ಒಮ್ಮೆ ಪಡೆದ ಪದವಿಯು ಈ ಹೊಣೆಯನ್ನು ಜೀವಮಾನವಿಡೀ ಹೊರಲಾರದು.

ಎಲ್ಲ ದೇಶಗಳ ಮಾರ್ಗವೂ ಒಂದೇ ಅಲ್ಲ. ಅಮೆರಿಕವು ೨೦೨೨ರಲ್ಲಿ, ಸಾಧಾರಣ ಶ್ರವಣದೋಷವುಳ್ಳ ವಯಸ್ಕರು ತಜ್ಞರ ನೆರವಿಲ್ಲದೆಯೇ ಸಾಧನವನ್ನು ಕೊಳ್ಳಲು ಅವಕಾಶವಿತ್ತಿತು; ಮಕ್ಕಳಿಗೆ ಈ ಸಡಿಲಿಕೆಯು ಅನ್ವಯಿಸದು.

ನಮ್ಮ ವ್ಯವಸ್ಥೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪಟ್ಟಿಯಲ್ಲಿರುವುದು ವ್ಯಕ್ತಿಯ ಹೆಸರು, ಅಂಗಡಿಯದಲ್ಲ. ಆದುದರಿಂದ ಗೋಡೆಯ ಮೇಲಿನ ಪ್ರಮಾಣಪತ್ರವು ಯಾರದು, ಅದರ ಅವಧಿ ಎಂದಿಗೆ ಮುಗಿಯುವುದು, ಕಿವಿಯನ್ನು ಪರೀಕ್ಷಿಸುತ್ತಿರುವವರು ಅವರೇ ಅಹುದೆ ಎಂದು ವಿಚಾರಿಸುವುದು ಗ್ರಾಹಕನ ಹಕ್ಕು. ಮೆಣಸಿನಕಾಯಿಗೆ ಬಣ್ಣವು ಹೇಗೋ, ಈ ವೃತ್ತಿಗೆ ನವೀಕರಣದ ದಿನಾಂಕವು ಹಾಗೆ.