‘ಅಂತು’ ತಾಳೆಯಾಗುತ್ತದೆಯೇ? ದಾನಪಟ್ಟಿ ಕೂಡಿಸಲು ಒಂದು ಪುಟ್ಟ ಲೂಪ್

ದಾನಶಾಸನ ಓದುವವರಿಗೆಲ್ಲ ‘ಅಂತು’ ಎಂಬ ಪದದ ಪರಿಚಯ ಇದ್ದೇ ಇರುತ್ತೆ. ಗದ್ದೆ, ಎರೆ, ತೋಟ ಎಂದು ಒಂದೊಂದಾಗಿ ಹೇಳಿ, ಕೊನೆಗೆ ‘ಅಂತು ಮತ್ತರು ಇಷ್ಟು’ ಎಂದು ಒಟ್ಟು ಮೊತ್ತ ಕೊಡುವುದು ಹಲವು ಶಾಸನಗಳ ರೂಢಿ. ನಮ್ಮ ಓದು ಸರಿಯಿದೆಯೇ ಎಂದು ನೋಡಲು ಕಲ್ಲಿನ ಮೇಲೇ ಇರುವ ಪರೀಕ್ಷೆ ಇದು. ಹತ್ತಾರು ಶಾಸನಗಳ ಪಟ್ಟಿ ಇದ್ದರೆ ಈ ಕೂಡಿಕೆಯನ್ನು ಕಂಪ್ಯೂಟರಿಗೆ ಬಿಡಬಹುದು.

ಅಭ್ಯಾಸಕ್ಕೆಂದು ನಾನೇ ಕಟ್ಟಿದ ಪಟ್ಟಿಯೊಂದು ಇಲ್ಲಿದೆ. ಯಾವ ಶಾಸನದ ಪಾಠವೂ ಅಲ್ಲ.

೦. ನಿವೇದ್ಯಕ್ಕೆ ಗದ್ದೆ: ಮತ್ತರು ೩
೧. ನಂದಾದೀವಿಗೆಗೆ ಎರೆ: ಮತ್ತರು ೨
೨. ಹೂದೋಟ: ಮತ್ತರು ೧
೩. ಗಾಣ: ೧
೪. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಕೆಯ್: ಮತ್ತರು (ಅಂಕಿ ಸವೆದಿದೆ)
೫. ವಿದ್ಯಾದಾನಕ್ಕೆ ಗದ್ದೆ: ಮತ್ತರು ೪
೬. ಅಂತು: ಮತ್ತರು ೧೨

ಪ್ರೋಗ್ರಾಮಿಂಗ್‌ನಲ್ಲಿ ಇಂಥ ಪಟ್ಟಿಗೆ ಅರೇ ಅಂತಾರೆ. ಬಹುತೇಕ ಭಾಷೆಗಳಲ್ಲಿ ಅದರ ಎಣಿಕೆ ೦ಯಿಂದ ಶುರು. ಶಾಸನದ ಸಾಲುಗಳನ್ನು ನಾವು ೧ರಿಂದ ಎಣಿಸ್ತೀವಿ, ಹಾಗಾಗಿ ಸಾಲಿನ ಸಂಖ್ಯೆಯನ್ನು ಬೇರೆ ಅಂಕಣದಲ್ಲೇ ಬರೆದಿಟ್ಟುಕೊಳ್ಳಿ.

ಅಂಕಿಗಳನ್ನೆಲ್ಲ ಕಣ್ಣುಮುಚ್ಚಿ ಕೂಡಿಸಿದ್ರೆ ೨೩ ಬರುತ್ತೆ. ಗಾಣವೂ ಮತ್ತರಿಗೆ ಸೇರಿತು, ‘ಅಂತು’ ತನ್ನ ಮೇಲೆ ತಾನೇ ಕೂಡಿಕೊಂಡಿತು. ಅದಕ್ಕೇ ಲೂಪಿನೊಳಗೆ ಒಂದು ಷರತ್ತು ಬೇಕು:

ಮೊತ್ತ = ೦
ಓದದವು = ೦
ಪಟ್ಟಿಯ ಪ್ರತಿ ನಮೂದಿಗೂ:
— ಬಗೆ ‘ಭೂಮಿ’ ಅಲ್ಲದಿದ್ದರೆ: ಮುಂದಿನದಕ್ಕೆ ಹೋಗು
— ಅಂಕಿ ಸವೆದಿದ್ದರೆ: ಓದದವು = ಓದದವು + ೧
— ಇಲ್ಲದಿದ್ದರೆ: ಮೊತ್ತ = ಮೊತ್ತ + ಅಳತೆ

ಮೊದಲ ಎರಡು ಸಾಲು ಲೂಪಿನ ಹೊರಗೇ ಇರಬೇಕು. ಒಳಗೆ ಬಂದರೆ ಪ್ರತಿ ಸುತ್ತಿಗೂ ಲೆಕ್ಕ ಸೊನ್ನೆಗೆ ಮರಳುತ್ತೆ. ‘ಬಗೆ’ ಎಂಬುದು ನಾವು ತುಂಬಬೇಕಾದ ಅಂಕಣ: ಭೂಮಿ, ಗಾಣ, ಅಂತು. ಈಗ ಉತ್ತರ: ಮೊತ್ತ ೧೦, ಓದದವು ೧. ಕಲ್ಲು ಹೇಳುವುದು ೧೨. ಅಂದರೆ ಸವೆದ ಜಾಗದಲ್ಲಿ ೨ ಇದ್ದಿರಬಹುದು.

ಸವೆದದ್ದನ್ನು ೦ ಎಂದು ತುಂಬಿದ್ದರೆ ಈ ಸುಳಿವೇ ಸಿಗ್ತಿರಲಿಲ್ಲ. ಶಾಸನ ಬರೆದವನ ಲೆಕ್ಕವೇ ತಪ್ಪು ಅಂತ ತೀರ್ಮಾನ ಮಾಡಿಬಿಡ್ತಿದ್ವಿ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಓದದವು ಎರಡಿದ್ದರೆ ಅವೆರಡರ ಮೊತ್ತ ಮಾತ್ರ ಗೊತ್ತಾಗುತ್ತೆ, ಬಿಡಿ ಅಂಕಿಗಳು ಗೊತ್ತಾಗಲ್ಲ. ಹೀಗೆ ಊಹಿಸಿದ ೨ನ್ನು ಪಾಠದಲ್ಲಿ ಚೌಕ ಕಂಸದೊಳಗೇ ಇಡಬೇಕು. ಅದನ್ನೇ ಮತ್ತೆ ಕೂಡಿಸಿ ‘ನೋಡಿ, ೧೨ಕ್ಕೆ ತಾಳೆಯಾಯ್ತು’ ಅನ್ನುವುದು ಪುರಾವೆ ಆಗಲ್ಲ.

ಹಣದ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ೧೦ ಪಣಕ್ಕೆ ೧ ಗದ್ಯಾಣ ಎಂದು ಹಿಡಿದು, ಪಣವನ್ನು ೦.೧ ಎಂದು ದಾಖಲಿಸಿದಿರಿ ಅನ್ನಿ. ಲೂಪಿನಲ್ಲಿ ೦.೧ನ್ನು ಹತ್ತು ಸಲ ಕೂಡಿಸಿದರೆ ಸಾಮಾನ್ಯ ದಶಾಂಶ ಲೆಕ್ಕದಲ್ಲಿ ಬರುವುದು ೦.೯೯೯೯೯೯೯೯೯೯೯೯೯೯೯೯. ದ್ವಿಮಾನ ಪದ್ಧತಿಯಲ್ಲಿ ೦.೧ನ್ನು ಪೂರ್ತಿ ನಿಖರವಾಗಿ ಬರೆಯಲಾಗದಿರುವುದೇ ಕಾರಣ. ಆಗ ‘ಮೊತ್ತ ೧ಕ್ಕೆ ಸಮವೇ?’ ಎಂದು ಕೇಳಿದರೆ ಕಂಪ್ಯೂಟರ್ ‘ಅಲ್ಲ’ ಅನ್ನುತ್ತೆ! ಪರಿಹಾರ ಹಳೆಯ ಶಾನುಭೋಗರ ದಾರಿಯೇ: ಎಲ್ಲವನ್ನೂ ಅತಿ ಚಿಕ್ಕ ಮಾನಕ್ಕೆ ಇಳಿಸಿ. ಪಣಕ್ಕೆ ೧೬ ವೀಸ, ಹಾಗಕ್ಕೆ ೪ ವೀಸ, ಗದ್ಯಾಣಕ್ಕೆ ೧೬೦ ವೀಸ. ಪೂರ್ಣಾಂಕಗಳಲ್ಲೇ ಕೂಡಿಸಿ, ಕೊನೆಗೆ ಗದ್ಯಾಣಕ್ಕೆ ಏರಿಸಿದರಾಯ್ತು.

ಭೂಮಿಗೆ ಈ ಸೌಲಭ್ಯ ಅಷ್ಟು ಸಲೀಸಲ್ಲ. ಅಳೆಯುವ ಕೋಲು ಊರಿಂದೂರಿಗೆ ಬೇರೆಯಾಗುತ್ತಿತ್ತು. ಒಂದು ಕೋಲಿನ ಮತ್ತರು ಇನ್ನೊಂದರ ಮತ್ತರಿಗೆ ಸಮವಲ್ಲ. ಎರಡು ಶಾಸನಗಳ ಭೂಮಿಯನ್ನು ಕೂಡಿಸುವ ಮುನ್ನ ‘ಕೋಲು ಒಂದೇ ಆಗಿದ್ದರೆ’ ಎಂಬ ಷರತ್ತನ್ನೂ ಸೇರಿಸಿ.

ಕೂಡಿಸುವ ಕೆಲಸ ಯಂತ್ರದ್ದು. ಯಾವುದನ್ನು ಕೂಡಿಸಬೇಕು ಎಂಬ ಆ ಒಂದು ಷರತ್ತಿನ ಸಾಲು ಮಾತ್ರ ಶಾಸನ ಓದಿದವರದ್ದು. ಲೆಕ್ಕ ಪ್ರಕಟಿಸುವಾಗ ಮೊತ್ತದ ಜೊತೆ ಆ ಸಾಲನ್ನೂ ಕೊಡಿ. ಒಪ್ಪದವರು ಷರತ್ತು ಬದಲಿಸಿ ಮತ್ತೆ ಕೂಡಿಸಿ ನೋಡಲಿ.