ಕಂಪನಿ ಕಟ್ಟುವವರಿಗೆ ಬೇಕಾದಷ್ಟು ಇಂಗ್ಲಿಷ್

2011ರ ಜುಲೈ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂದಿನ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಅದಾದ ಕೆಲವು ತಿಂಗಳುಗಳ ನಂತರ ಮರಿಯಮ್ಮನಹಳ್ಳಿಯ ಇಬ್ಬರು ಸಹೋದರರು ಹೊಸಪೇಟೆಯ ನನ್ನ ಕಚೇರಿಗೆ ಬಂದರು. ಹೆದ್ದಾರಿಯ ಬದಿಯಲ್ಲಿ ಟಿಪ್ಪರ್ ದುರಸ್ತಿ ಮತ್ತು ಕನ್ವೇಯರ್ ಬಿಡಿಭಾಗಗಳ ಕಾರ್ಯಾಗಾರ ನಡೆಸುತ್ತಿದ್ದವರು. 2008ರಲ್ಲಿ ಅವರ ಪಾಲುದಾರಿಕೆ ಸಂಸ್ಥೆಯನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನಾಗಿ ಮಾಡಿಕೊಟ್ಟವನು ನಾನೇ. ಗಣಿ ನಿಂತಿತು, ಕೆಲಸ ನಿಂತಿತು, ಸಾಲದ ಕಂತು ನಿಂತಿತು. ಅಣ್ಣನ ಕೈಯಲ್ಲಿ ಬ್ಯಾಂಕಿನ 60 ದಿನಗಳ ನೋಟಿಸ್ ಇತ್ತು. ಅವರ ತಂದೆ ಕಟ್ಟಿಸಿದ ಮನೆಯ ವಿಳಾಸ ಅದರಲ್ಲಿ ಅಚ್ಚಾಗಿತ್ತು.

"ಲಿಮಿಟೆಡ್ ಅಂತ ಬರ್ದಾರಲ್ಲ ಸಾರ್, ಮತ್ತ ಮನಿ ಹೆಂಗ ಹೋಗ್ತೈತಿ?" ಎಂದು ತಮ್ಮ ಕೇಳಿದರು.

ಸಾಲದ ಕಾಗದಗಳನ್ನು ತರಿಸಿ ನೋಡಿದೆ. ಮನೆಯ ಮೂಲಪತ್ರಗಳನ್ನು ಒತ್ತೆ ಇಟ್ಟಿದ್ದುದಲ್ಲದೆ, ಇಬ್ಬರೂ ವೈಯಕ್ತಿಕ ಜಾಮೀನು ಪತ್ರಕ್ಕೆ ಸಹಿ ಹಾಕಿದ್ದರು. 'ಜಾಯಿಂಟ್ಲಿ ಅಂಡ್ ಸೆವೆರಲಿ' ಎಂಬ ಮೂರು ಪದಗಳು ಅದರಲ್ಲಿದ್ದವು. ಅದರ ಅರ್ಥವನ್ನು ಬ್ಯಾಂಕಿನಲ್ಲಿ ಏಕೆ ಕೇಳಲಿಲ್ಲ ಎಂದಾಗ ಅಣ್ಣ ತಲೆ ತಗ್ಗಿಸಿ, "ಎಲ್ಲಾರ ಮುಂದ ಕೇಳಾಕ ನಾಚಿಕಿ ಆತು ಸಾರ್" ಎಂದರು. ಆ ದಿನ ನನಗೂ ನಾಚಿಕೆಯಾಯಿತು. ಕಂಪನಿಯ ಸ್ಥಾಪನಾ ಪತ್ರಗಳಿಗೆ "ಇಲ್ಲಿ ಸಹಿ ಮಾಡಿ" ಎಂದು ಬೆರಳು ತೋರಿಸಿದ್ದವನು ನಾನು. 'ಲಿಮಿಟೆಡ್' ಎಂದರೇನು, ಎಲ್ಲಿಯವರೆಗೆ ಎಂಬುದನ್ನು ಕನ್ನಡದಲ್ಲಿ ಐದು ನಿಮಿಷ ವಿವರಿಸಿರಲಿಲ್ಲ.

ಈ ಲೇಖನವು ಆ ಐದು ನಿಮಿಷಗಳ ಬಾಕಿ ತೀರಿಸುವ ಪ್ರಯತ್ನ.

ಕಾನೂನು ಕನ್ನಡವನ್ನು ಹೊರಗಿಟ್ಟಿಲ್ಲ

ಇಂಗ್ಲಿಷ್ ಬಾರದಿದ್ದರೆ ಕಂಪನಿ ಮಾಡುವಂತಿಲ್ಲ ಎಂಬ ಭಾವನೆ ನಮ್ಮ ವರ್ತಕರಲ್ಲಿ ಬಲವಾಗಿದೆ. ಇದು ಸರಿಯಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ಪ್ರೈವೇಟ್ ಕಂಪನಿಗೆ ಕನಿಷ್ಠ ಇಬ್ಬರು ಸದಸ್ಯರು ಮತ್ತು ಇಬ್ಬರು ನಿರ್ದೇಶಕರು ಸಾಕು. ಒಬ್ಬರೇ ಇದ್ದರೆ ಏಕವ್ಯಕ್ತಿ ಕಂಪನಿಗೂ ಅವಕಾಶವಿದೆ. ಕನಿಷ್ಠ 1 ಲಕ್ಷ ರೂಪಾಯಿ ಬಂಡವಾಳ ಇರಬೇಕೆಂಬ ನಿಯಮ 2015ರಲ್ಲಿ ರದ್ದಾಯಿತು. 2020ರ ಫೆಬ್ರುವರಿಯಿಂದ ಜಾರಿಗೆ ಬಂದ 'ಸ್ಪೈಸ್ ಪ್ಲಸ್' ನಮೂನೆಯಲ್ಲಿ ಹೆಸರು ಕಾಯ್ದಿರಿಸುವಿಕೆ, ನೋಂದಣಿ, ಪ್ಯಾನ್, ಟ್ಯಾನ್ ಎಲ್ಲವೂ ಒಂದೇ ಕಡೆ ಆಗುತ್ತವೆ.

ಅಕ್ಷರ ಬಾರದವರೂ ಕಂಪನಿಯ ಸ್ಥಾಪಕ ಸದಸ್ಯರಾಗಬಹುದು. ಅಂಥವರು ಹೆಬ್ಬೆಟ್ಟಿನ ಗುರುತು ಹಾಕಿದಾಗ, ಅವರ ಪರವಾಗಿ ಬರೆದವರು ಸ್ಥಾಪನಾ ಪತ್ರಗಳನ್ನು ಅವರಿಗೆ ಓದಿ ವಿವರಿಸಬೇಕು ಹಾಗೂ ಹಾಗೆ ವಿವರಿಸಿದ್ದೇನೆಂದು ಪತ್ರದ ಮೇಲೆಯೇ ದಾಖಲಿಸಬೇಕು ಎಂದು ನಿಯಮಗಳು ಹೇಳುತ್ತವೆ. ಹೆಬ್ಬೆಟ್ಟು ಒತ್ತುವವರಿಗೆ ಇರುವ ಈ ರಕ್ಷಣೆ ಕನ್ನಡದಲ್ಲಿ ಸಹಿ ಮಾಡುವವರಿಗೆ ಇಲ್ಲ. ಸಹಿ ಮಾಡಿದವರು ಓದಿಯೇ ಮಾಡಿದ್ದಾರೆಂದು ಕಾನೂನು ಭಾವಿಸುತ್ತದೆ. ಆದ್ದರಿಂದ ವಿವರಣೆಯನ್ನು ನಾವೇ ಕೇಳಿ ಪಡೆಯಬೇಕು.

ಮತ್ತೊಂದು ಸಂಗತಿ. ಕಂಪನಿಯ ಹೆಸರು ಮತ್ತು ನೋಂದಾಯಿತ ಕಚೇರಿಯ ವಿಳಾಸವನ್ನು ಪ್ರತಿ ಕಚೇರಿಯ ಹೊರಗೆ ಎದ್ದು ಕಾಣುವಂತೆ ಬರೆಸಬೇಕು. ಅದು ಸ್ಥಳೀಯವಾಗಿ ಬಳಕೆಯಲ್ಲಿರುವ ಭಾಷೆಯ ಲಿಪಿಯಲ್ಲಿ ಇಲ್ಲದಿದ್ದರೆ ಆ ಲಿಪಿಯಲ್ಲಿಯೂ ಬರೆಸಬೇಕು ಎಂದು ಕಾಯ್ದೆಯ 12ನೇ ಪ್ರಕರಣವೇ ವಿಧಿಸಿದೆ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬ 2024ರ ರಾಜ್ಯದ ತಿದ್ದುಪಡಿ ಕಾಯ್ದೆ ಇದರ ಜೊತೆಗಿದೆ. ಹೀಗಾಗಿ ಬಾಗಿಲಿನ ಹೊರಗೆ ಕನ್ನಡ ಕಡ್ಡಾಯ. ತೊಡಕು ಇರುವುದು ಮೇಜಿನ ಮೇಲಿನ ಕಾಗದದಲ್ಲಿ.

ಸಹಿಗೆ ಮುನ್ನ ತಿಳಿಯಬೇಕಾದ ಪದಗಳು

ಸಾವಿರ ಪದಗಳು ಬೇಕಿಲ್ಲ. ನನ್ನ ಅನುಭವದಲ್ಲಿ ಸಣ್ಣ ಉದ್ದಿಮೆದಾರರಿಗೆ ಪೆಟ್ಟು ಕೊಟ್ಟಿರುವ ಪದಗಳು ಬೆರಳೆಣಿಕೆಯಷ್ಟೆ.

'ಲಿಮಿಟೆಡ್' ಎಂದರೆ ಷೇರುದಾರನ ಹೊಣೆ ಆತ ತೆಗೆದುಕೊಂಡ ಷೇರುಗಳ ಮೊತ್ತಕ್ಕೆ ಸೀಮಿತ. ಆದರೆ ಆತನೇ ಸಾಲಕ್ಕೆ 'ಪರ್ಸನಲ್ ಗ್ಯಾರಂಟಿ' ಕೊಟ್ಟರೆ ಆ ಗೋಡೆಯಲ್ಲಿ ಆತನೇ ಬಾಗಿಲು ತೆರೆದಂತೆ. 1872ರ ಕರಾರು ಕಾಯ್ದೆಯ 128ನೇ ಪ್ರಕರಣದಂತೆ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. 'ಜಾಯಿಂಟ್ಲಿ ಅಂಡ್ ಸೆವೆರಲಿ' ಎಂದರೆ 'ಒಟ್ಟಾಗಿಯೂ, ಒಬ್ಬೊಬ್ಬರಾಗಿಯೂ'. ಇಬ್ಬರು ಸಹಿ ಹಾಕಿದರೆ ಅರ್ಧ ಅರ್ಧ ಹೊಣೆ ಎಂದು ತಿಳಿಯಬಾರದು. ಪೂರ್ತಿ ಬಾಕಿಯನ್ನು ಒಬ್ಬರಿಂದಲೇ ವಸೂಲು ಮಾಡಬಹುದು.

'ಷಲ್' ಎಂದಿದ್ದರೆ ಮಾಡಲೇಬೇಕು. 'ಮೇ' ಎಂದಿದ್ದರೆ ಮಾಡಬಹುದು, ಬಿಡಬಹುದು. ಖರೀದಿ ಆದೇಶದಲ್ಲಿ ನಮ್ಮ ಪಾಲಿಗೆ 'ಷಲ್', ಅವರ ಪಾಲಿಗೆ 'ಮೇ' ಎಂದು ಎಷ್ಟು ಕಡೆ ಬಂದಿದೆ ಎಂದು ಪೆನ್ಸಿಲಿನಿಂದ ಗುರುತು ಹಾಕಿ ನೋಡಿರಿ.

'ಎಕ್ಸ್ ವರ್ಕ್ಸ್' ಎಂದರೆ ನಮ್ಮ ಕಾರ್ಯಾಗಾರದ ಬಾಗಿಲಿನಲ್ಲಿ ಮಾಲು ಒಪ್ಪಿಸಿದರೆ ಸಾಕು. 'ಎಫ್.ಒ.ಆರ್. ಡೆಸ್ಟಿನೇಷನ್' ಎಂದರೆ ಲಾರಿ ಬಾಡಿಗೆ ಸಾಮಾನ್ಯವಾಗಿ ನಮ್ಮದೇ. ದಾರಿಯಲ್ಲಿ ಮಾಲು ಹಾಳಾದರೆ ಹೊಣೆ ಯಾರದು ಎಂಬುದನ್ನು ಬರವಣಿಗೆಯಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ದರ ಹೇಳುವ ಮುನ್ನ ಈ ವ್ಯತ್ಯಾಸ ತಿಳಿಯದಿದ್ದರೆ ಲಾಭವೆಲ್ಲ ಬಾಡಿಗೆಗೆ ಹೋಗುತ್ತದೆ.

'ಲಿಕ್ವಿಡೇಟೆಡ್ ಡ್ಯಾಮೇಜಸ್' ಎಂದರೆ ತಡವಾದರೆ ಮುರಿದುಕೊಳ್ಳುವ ಹಣವನ್ನು ಮೊದಲೇ ಗೊತ್ತುಪಡಿಸಿರುವುದು. ಅದಕ್ಕೆ ಗರಿಷ್ಠ ಮಿತಿ ಇದೆಯೇ ಎಂದು ನೋಡಬೇಕು.

ಹಣ ಪಾವತಿಯ ವಾಕ್ಯವನ್ನು ಎರಡು ಸಲ ಓದಬೇಕು. ಬಿಲ್ಲು ತಲುಪಿದ ದಿನದಿಂದಲೋ, ಮಾಲು ಅಂಗೀಕರಿಸಿದ ದಿನದಿಂದಲೋ, ಅವರ ಗಿರಾಕಿ ಹಣ ಕೊಟ್ಟ ನಂತರವೋ? ಉದ್ಯಮ್ ನೋಂದಣಿ ಹೊಂದಿದ ಕಿರು ಮತ್ತು ಸಣ್ಣ ತಯಾರಕರಿಗೆ ಹಾಗೂ ಸೇವಾ ಘಟಕಗಳಿಗೆ 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯ ರಕ್ಷಣೆ ಇದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಮಾಲು ಅಂಗೀಕಾರವಾದ ದಿನದಿಂದ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ವರ್ತಕ ಮಿತ್ರರು ಒಂದು ಮಾತು ಗಮನಿಸಬೇಕು. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳನ್ನು 2021ರಲ್ಲಿ ಉದ್ಯಮ್ ವ್ಯಾಪ್ತಿಗೆ ಸೇರಿಸಿದ್ದು ಆದ್ಯತಾ ವಲಯದ ಸಾಲಕ್ಕಾಗಿ ಮಾತ್ರ. ಈ 45 ದಿನಗಳ ರಕ್ಷಣೆ ಅವರಿಗೆ ಅನ್ವಯಿಸುವುದಿಲ್ಲ.

ಅತಿಥಿಗಳ ಎದುರಿನ ಮಾತು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿಗಳು, ಹಂಪಿಯ ಪ್ರವಾಸೋದ್ಯಮ ಇವುಗಳಿಂದಾಗಿ ನಮ್ಮ ಭಾಗಕ್ಕೆ ಹೊರಗಿನವರು ಬರುತ್ತಲೇ ಇರುತ್ತಾರೆ. ಯಂತ್ರ ಮಾರುವವರು, ಗುಣಮಟ್ಟ ಪರೀಕ್ಷಿಸುವವರು, ಖರೀದಿ ಅಧಿಕಾರಿಗಳು, ಕೆಲವೊಮ್ಮೆ ವಿದೇಶಿ ತಂತ್ರಜ್ಞರು. ಅವರೊಡನೆ ಮಾತನಾಡುವಾಗ ವ್ಯಾಕರಣಕ್ಕಿಂತ ಮೂರು ಅಭ್ಯಾಸಗಳು ಮುಖ್ಯ.

ಮೊದಲನೆಯದು, 'ಎಸ್, ಎಸ್' ಎನ್ನುವುದನ್ನು ಬಿಡುವುದು. ನಾವು 'ಕೇಳಿಸಿಕೊಳ್ಳುತ್ತಿದ್ದೇನೆ' ಎಂಬ ಅರ್ಥದಲ್ಲಿ ಹೂಂಗುಡುತ್ತೇವೆ. ಎದುರಿನವರು 'ಒಪ್ಪಿದರು' ಎಂದು ಬರೆದುಕೊಳ್ಳುತ್ತಾರೆ. ಹತ್ತು ದಿನದಲ್ಲಿ ಕೊಡುತ್ತೀರಾ ಎಂದಾಗ ಹೀಗೆ ತಲೆಯಾಡಿಸಿ, ಆಮೇಲೆ ದಂಡ ತೆತ್ತವರನ್ನು ನಾನು ಬಲ್ಲೆ. ಅದರ ಬದಲು 'ಐ ವಿಲ್ ಚೆಕ್ ಅಂಡ್ ಕನ್ಫರ್ಮ್ ಬೈ ಟುಮಾರೋ ಈವ್ನಿಂಗ್' ಎನ್ನುವುದನ್ನು ಬಾಯಿಪಾಠ ಮಾಡಿಕೊಳ್ಳಿರಿ.

ಎರಡನೆಯದು, ತಿಳಿಯದಿದ್ದಾಗ ಕೇಳುವುದು. 'ಪ್ಲೀಸ್ ಸೇ ದಟ್ ಅಗೇನ್, ಸ್ಲೋಲಿ' ಎಂದರೆ ಯಾರೂ ಕೀಳಾಗಿ ಕಾಣುವುದಿಲ್ಲ. 'ಪ್ಲೀಸ್ ಗಿವ್ ಇಟ್ ಇನ್ ರೈಟಿಂಗ್' ಎಂದರೆ ಇನ್ನೂ ಗೌರವ ಹೆಚ್ಚುತ್ತದೆ. ಬರವಣಿಗೆಯಲ್ಲಿ ಬಂದರೆ ಮನೆಗೆ ಒಯ್ದು ಬಲ್ಲವರಿಂದ ಓದಿಸಬಹುದು.

ಮೂರನೆಯದು, ಅಂಕಿಗಳಲ್ಲಿ ಎಚ್ಚರ. ವಿದೇಶಿಯರಿಗೆ ಲಕ್ಷ, ಕೋಟಿ ತಿಳಿಯದು. ನಮ್ಮ 10 ಲಕ್ಷ ಅವರ ಒಂದು ಮಿಲಿಯನ್. ನಮ್ಮ 1 ಕೋಟಿ ಅವರ ಹತ್ತು ಮಿಲಿಯನ್. ದಿನಾಂಕವನ್ನು 5/6 ಎಂದು ಬರೆದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಜಗಳವಿಲ್ಲ. 'ಪ್ರೀಪೋನ್', 'ಡೂ ದ ನೀಡ್‌ಫುಲ್' ಎಂಬಂಥವು ನಮ್ಮ ದೇಶದೊಳಗೆ ನಡೆಯುವ ಮಾತುಗಳು. ಹೊರದೇಶದವರಿಗೆ ಏನು ಬೇಕೆಂಬುದನ್ನು ಬಿಡಿಸಿ ಹೇಳುವುದೇ ಲೇಸು.

ಊಟದ ಹೊತ್ತು

ವ್ಯವಹಾರದ ವಿಶ್ವಾಸ ಬೆಳೆಯುವುದು ಹೆಚ್ಚಾಗಿ ಮೇಜಿನ ಆಚೆ. ಇಲ್ಲಿ ನಾವು ಬಡವರಲ್ಲ. ಅತಿಥಿಗೆ ಹೇಳಲು ನಮ್ಮಲ್ಲಿರುವಷ್ಟು ಸಂಗತಿಗಳು ದೊಡ್ಡ ನಗರದವರಲ್ಲಿಯೂ ಇಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2023ರ ಜುಲೈಯಲ್ಲಿ ಜಿ-20 ಸಭೆಗಳು ಅಲ್ಲಿ ನಡೆದವು. ತುಂಗಭದ್ರಾ ಅಣೆಕಟ್ಟಿಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಗಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿದ ಕಥೆಯನ್ನು ಯಾವ ಎಂಜಿನಿಯರ್ ಆದರೂ ಕಿವಿಗೊಟ್ಟು ಕೇಳುತ್ತಾನೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅತಿಥಿಗೆ ಕೊಡಲು ಅದಕ್ಕಿಂತ ಒಳ್ಳೆಯ ಕಾಣಿಕೆ ಬೇಡ.

ಕೆಲವು ಸೂಕ್ಷ್ಮಗಳನ್ನು ಮಾತ್ರ ನೆನಪಿಡಬೇಕು. 'ಮದುವೆ ಆಗಿದೆಯೇ, ಮಕ್ಕಳೆಷ್ಟು, ಸಂಬಳವೆಷ್ಟು' ಎಂಬುದು ನಮ್ಮಲ್ಲಿ ಅಕ್ಕರೆಯ ಮಾತು. ಹಲವು ದೇಶಗಳಲ್ಲಿ ಅದು ಖಾಸಗಿ ವಿಷಯ. ಪ್ರಯಾಣ, ಹವಾಮಾನ, ಅವರ ಊರು ಇವುಗಳಿಂದ ಮಾತು ಆರಂಭಿಸುವುದು ಒಳ್ಳೆಯದು. ಮಂಡಕ್ಕಿ ಮಿರ್ಚಿ ತಟ್ಟೆಗೆ ಹಾಕುವ ಮೊದಲು 'ಈಸ್ ಸ್ಪೈಸಿ ಫುಡ್ ಓಕೆ ಫಾರ್ ಯೂ' ಎಂದು ಕೇಳಬೇಕು. ಅವರು ಸಾಕೆಂದ ಮೇಲೆ ಇನ್ನೊಂದು ರೊಟ್ಟಿ ಬಲವಂತ ಮಾಡುವುದು ಬೇಡ.

ತಾಲೀಮು ನಮಗೆ ಹೊಸದಲ್ಲ

1443ರಲ್ಲಿ ಪರ್ಷಿಯಾದ ಕಡೆಯಿಂದ ಅಬ್ದುರ್ ರಜಾಕ್, 1520ರ ಸುಮಾರಿಗೆ ಪೋರ್ಚುಗಲ್ಲಿನ ಡೊಮಿಂಗೊ ಪಾಯಸ್ ವಿಜಯನಗರಕ್ಕೆ ಬಂದರು. ಕುದುರೆ, ರತ್ನ, ಬಟ್ಟೆಗಳ ವ್ಯಾಪಾರ ಹಲವು ಭಾಷೆಗಳವರ ನಡುವೆ ಇಲ್ಲಿ ನಡೆಯಿತು. ಇಲ್ಲಿನ ವರ್ತಕರು ತಮ್ಮ ಭಾಷೆಯನ್ನು ಬಿಡಲಿಲ್ಲ, ಪರಭಾಷೆಗೆ ಹೆದರಲೂ ಇಲ್ಲ.

ಮರಿಯಮ್ಮನಹಳ್ಳಿಯಂತೂ ನಾಟಕದ ಊರು. ರಂಗಕಲಾವಿದೆ ಕೆ. ನಾಗರತ್ನಮ್ಮನವರ ಊರು. ಪದ್ಮಶ್ರೀ ಪುರಸ್ಕೃತ ಮಂಜಮ್ಮ ಜೋಗತಿಯವರು ನೆಲೆಸಿದ ಊರು. ಪುಟಗಟ್ಟಲೆ ಮಾತುಗಳನ್ನು ಕಂಠಪಾಠ ಮಾಡಿ ರಾತ್ರಿಯಿಡೀ ಒಪ್ಪಿಸುವವರನ್ನು ಕಂಡ ಜನರಿಗೆ ಇಪ್ಪತ್ತು ಇಂಗ್ಲಿಷ್ ವಾಕ್ಯಗಳು ಭಾರವಾಗಲಾರವು. ಅತಿಥಿ ಬರುವ ಹಿಂದಿನ ಸಂಜೆ ಕಾಲೇಜಿಗೆ ಹೋಗುವ ಮಗಳನ್ನೋ ಮಗನನ್ನೋ ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ತಾಲೀಮು ಮಾಡಿರಿ. ಸ್ವಾಗತ, ಕಾರ್ಯಾಗಾರದ ಪರಿಚಯ, ದರ, ಅವಧಿ, ಬೀಳ್ಕೊಡುಗೆ ಇಷ್ಟೇ ಅಂಕಗಳು.

ಸಹಿಯ ವಿಷಯದಲ್ಲಿ ಮಾತ್ರ ತಾಲೀಮು ಸಾಲದು. ಅರ್ಥವಾಗದ ಕಾಗದಕ್ಕೆ ಅದೇ ದಿನ ಸಹಿ ಹಾಕುವುದಿಲ್ಲ ಎಂಬ ಕಟ್ಟುನಿಟ್ಟು ಇರಲಿ. ನಿಮ್ಮ ಲೆಕ್ಕ ಪರಿಶೋಧಕರನ್ನೋ ವಕೀಲರನ್ನೋ ಕನ್ನಡದಲ್ಲಿ ವಿವರಿಸುವಂತೆ ಕೇಳಿರಿ. ಅದು ನೀವು ಶುಲ್ಕ ಕೊಟ್ಟು ಪಡೆದ ಹಕ್ಕು.

ಆ ಸಹೋದರರು ಹೊಲದ ಒಂದು ಭಾಗವನ್ನು ಮಾರಿ ಬ್ಯಾಂಕಿನೊಡನೆ ರಾಜಿ ಮಾಡಿಕೊಂಡು ಮನೆಯನ್ನು ಉಳಿಸಿಕೊಂಡರು. ಕಾರ್ಯಾಗಾರ ಈಗಲೂ ನಡೆಯುತ್ತಿದೆ. ಅಣ್ಣ ಇಂದಿಗೂ ಇಂಗ್ಲಿಷ್ ಮಾತನಾಡುವುದು ಕಡಿಮೆ. ಆದರೆ ಯಾವುದೇ ಕಾಗದ ಬಂದರೂ ಕನ್ನಡಕ ಹಾಕಿಕೊಂಡು, ತಿಳಿಯದ ಪದದ ಕೆಳಗೆ ಗೆರೆ ಎಳೆದು ನನ್ನಲ್ಲಿಗೆ ತರುತ್ತಾರೆ. ಅವರು ಬಂದ ದಿನ ನಾನು ಬೇರೆ ಕೆಲಸವನ್ನು ಬದಿಗಿಡುತ್ತೇನೆ.